ರಷ್ಯಾದ ಚಿತ್ರಗಳು ಹೊರದೇಶದ ಗೋಡೆ ಏರುವುದು ಹೇಗೆ, ಮನೆಗೆ ಮರಳುವುದು ಹೇಗೆ? ಲಂಡನ್ 2008ರ ಪ್ರದರ್ಶನದಿಂದ ಶುರುವಾದ ಚರ್ಚೆ

ಕುಂಚ_ಕ್ಯಾನ್ವಾಸ್ (ಚರ್ಚೆ ಆರಂಭ)

ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ 2008ರ ಜನವರಿ 26ರಿಂದ ಏಪ್ರಿಲ್ 18ರವರೆಗೆ ‘ಫ್ರಮ್ ರಷ್ಯಾ’ ಪ್ರದರ್ಶನ ನಡೆಯಿತು. ಮಾಸ್ಕೋದ ಪುಷ್ಕಿನ್ ಮತ್ತು ಟ್ರೆಟ್ಯಾಕೋವ್, ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಮತ್ತು ರಷ್ಯನ್ ಮ್ಯೂಸಿಯಂ, ಹೀಗೆ ನಾಲ್ಕು ಸಂಸ್ಥೆಗಳು ಸೇರಿ 120ಕ್ಕೂ ಹೆಚ್ಚು ಚಿತ್ರ ಕೊಟ್ಟಿದ್ದವು. ರೆಪಿನ್‌ನಿಂದ ಹಿಡಿದು ಕಾಂಡಿನ್‌ಸ್ಕಿ, ಮಾಲೆವಿಚ್‌ವರೆಗೆ ರಷ್ಯಾದವರು. ಅವರ ಪಕ್ಕದಲ್ಲೇ ಸೆಜಾನ್, ಗೊಗಾನ್, ಮಾತಿಸ್, ಪಿಕಾಸೊ. ಮಾತಿಸ್‌ನ 1910ರ ‘ನೃತ್ಯ’ವೂ ಬಂದಿತ್ತು.

ಇಷ್ಟು ದೊಡ್ಡ ಪ್ರದರ್ಶನ ಶುರುವಾಗಲು ಕೆಲವೇ ವಾರ ಇದ್ದಾಗ, 2007ರ ಡಿಸೆಂಬರಿನಲ್ಲಿ, ರಷ್ಯಾ ಚಿತ್ರಗಳನ್ನು ಹೊರಗೆ ಬಿಡುವುದಿಲ್ಲ ಎಂದುಬಿಟ್ಟಿತು. ಆಮೇಲೆ ಒಪ್ಪಿಕೊಂಡಿತು. ಆ ನಡುವೆ ಏನಾಯಿತು? ಕಾನೂನು, ಪ್ಯಾಕಿಂಗ್, ಸಾಗಣೆ, ಈ ಮೂರನ್ನೂ ಬಲ್ಲವರು ಬಿಡಿಸಿ ಹೇಳಿದರೆ ಕಲಾ ಇತಿಹಾಸ ಓದುವ ವಿದ್ಯಾರ್ಥಿಗಳಿಗೆ ಉಪಕಾರ. ಪಠ್ಯಪುಸ್ತಕಗಳಲ್ಲಿ ಚಿತ್ರದ ಶೈಲಿ ಇರುತ್ತದೆ, ಚಿತ್ರ ಊರಿಂದೂರಿಗೆ ಹೋಗುವ ಬಗೆ ಇರುವುದಿಲ್ಲ.

ಕಾನೂನು_ಕಪಾಟು

ಉತ್ತರ 1918ರಲ್ಲಿದೆ. ಸೆರ್ಗೆಯ್ ಶ್ಚುಕಿನ್ ಮತ್ತು ಇವಾನ್ ಮೊರೊಜೊವ್ ಮಾಸ್ಕೋದ ವ್ಯಾಪಾರಿಗಳು, ಇಬ್ಬರೂ ಪ್ಯಾರಿಸ್ಸಿನಿಂದ ಹೊಸ ಕಾಲದ ಚಿತ್ರಗಳನ್ನು ತರಿಸಿ ಮನೆ ತುಂಬಿಸಿದ್ದರು. ‘ನೃತ್ಯ’ವನ್ನು ಶ್ಚುಕಿನ್ ತನ್ನ ಮನೆಯ ಮೆಟ್ಟಿಲ ಗೋಡೆಗೆಂದೇ ಬರೆಸಿದ್ದ. ಕ್ರಾಂತಿಯ ನಂತರ ಸರ್ಕಾರ ಇಬ್ಬರ ಸಂಗ್ರಹವನ್ನೂ ರಾಷ್ಟ್ರೀಕರಣ ಮಾಡಿತು. ಶ್ಚುಕಿನ್ 1936ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ, ಮೊರೊಜೊವ್ 1921ರಲ್ಲಿ ಕಾರ್ಲ್ಸ್‌ಬಾಡ್‌ನಲ್ಲಿ. ಚಿತ್ರಗಳನ್ನು 1948ರಲ್ಲಿ ಪುಷ್ಕಿನ್ ಮತ್ತು ಹರ್ಮಿಟೇಜ್ ಹಂಚಿಕೊಂಡವು.

ಅಂದರೆ ಪಶ್ಚಿಮ ಯುರೋಪಿನಲ್ಲಿ ವಾರಸುದಾರರಿದ್ದಾರೆ, ರಷ್ಯಾದಲ್ಲಿ ಚಿತ್ರಗಳಿವೆ. ಚಿತ್ರ ಗಡಿ ದಾಟಿದ ಕೂಡಲೇ ಆ ದೇಶದ ಕೋರ್ಟಿನ ವ್ಯಾಪ್ತಿಗೆ ಬರುತ್ತದೆ. 1993ರಲ್ಲಿ ಪ್ಯಾರಿಸ್ಸಿನ ಪಾಂಪಿಡು ಕೇಂದ್ರದಲ್ಲಿ ಮಾತಿಸ್ ಪ್ರದರ್ಶನ ನಡೆದಾಗ ಶ್ಚುಕಿನ್ ಮಗಳು ದಾವೆ ಹೂಡಿದರು. ಕೋರ್ಟು ಒಪ್ಪಲಿಲ್ಲ, ಆದರೆ ಫ್ರಾನ್ಸ್ ಎಚ್ಚೆತ್ತು 1994ರಲ್ಲಿ ಎರವಲು ಬಂದ ಕಲಾಕೃತಿಗಳಿಗೆ ಜಪ್ತಿಯಿಂದ ರಕ್ಷಣೆ ಕೊಡುವ ಕಾನೂನು ಮಾಡಿತು.

ಇನ್ನೊಂದು ಪೆಟ್ಟು ಬಿದ್ದದ್ದು 2005ರ ನವೆಂಬರಿನಲ್ಲಿ. ಸ್ವಿಟ್ಜರ್ಲೆಂಡಿನ ಮಾರ್ತಿನಿಯಲ್ಲಿ ಪುಷ್ಕಿನ್ ಮ್ಯೂಸಿಯಂನ ಫ್ರೆಂಚ್ ಚಿತ್ರಗಳ ಪ್ರದರ್ಶನ ಮುಗಿದು ಟ್ರಕ್ಕುಗಳು ಹೊರಟಿದ್ದವು. ರಷ್ಯಾ ಸರ್ಕಾರದಿಂದ ಸಾಲ ಬರಬೇಕಿದ್ದ ನೋಗಾ ಎಂಬ ಕಂಪನಿ ಕೋರಿಕೆ ಸಲ್ಲಿಸಿ 54 ಚಿತ್ರಗಳನ್ನು ತಡೆಸಿತು. ಆ ಸಾಲಕ್ಕೂ ಚಿತ್ರಗಳಿಗೂ ಯಾವ ಸಂಬಂಧವೂ ಇರಲಿಲ್ಲ; ರಷ್ಯಾದ ಆಸ್ತಿ ಎಂಬುದೇ ಸಾಕಾಯಿತು. ಸ್ವಿಸ್ ಫೆಡರಲ್ ಕೌನ್ಸಿಲ್ (ಅಲ್ಲಿನ ಮಂತ್ರಿಮಂಡಲ) ಮಧ್ಯೆ ಬಂದು ಬಿಡಿಸಿ ಕಳಿಸಿತು.

2007ರಲ್ಲಿ ಬ್ರಿಟನ್ ಬಳಿ ಇದ್ದದ್ದು 1978ರ ಸ್ಟೇಟ್ ಇಮ್ಯೂನಿಟಿ ಕಾಯ್ದೆ. ಅದು ವಿದೇಶಿ ಸರ್ಕಾರದ ಆಸ್ತಿಗೆ ಸಾಮಾನ್ಯ ರಕ್ಷಣೆ ಕೊಡುತ್ತದೆ ನಿಜ, ಆದರೆ ಎರವಲು ಬಂದ ಕಲಾಕೃತಿಗೆಂದೇ ಬರೆದದ್ದಲ್ಲ. ರಷ್ಯಾಕ್ಕೆ ಅದು ಸಾಲಲಿಲ್ಲ. ಬ್ರಿಟನ್ನಿನ ಹೊಸ ಕಾಯ್ದೆ, ಅಂದರೆ 2007ರ ಟ್ರಿಬ್ಯೂನಲ್ಸ್, ಕೋರ್ಟ್ಸ್ ಅಂಡ್ ಎನ್‌ಫೋರ್ಸ್‌ಮೆಂಟ್ ಕಾಯ್ದೆಯ 6ನೇ ಭಾಗ, ಆಗಲೇ ಪಾಸಾಗಿತ್ತು, ಜಾರಿಗೆ ಬಂದಿರಲಿಲ್ಲ. ಸರ್ಕಾರ ಅವಸರ ಮಾಡಿ ಡಿಸೆಂಬರ್ 31ಕ್ಕೆ ಜಾರಿ ಮಾಡಿತು. ರಷ್ಯಾ ಹಸಿರು ನಿಶಾನೆ ತೋರಿತು.

ಕುಂಚ_ಕ್ಯಾನ್ವಾಸ್

ಧನ್ಯವಾದ ಸರ್. ಆ ಕಾಯ್ದೆ ಇದ್ದರೆ ಬ್ರಿಟನ್ನಿಗೆ ಬಂದ ಯಾವ ಚಿತ್ರಕ್ಕೂ ರಕ್ಷಣೆ ತಾನಾಗಿಯೇ ಸಿಗುತ್ತದೆಯೇ?

ಕಾನೂನು_ಕಪಾಟು

ಇಲ್ಲ. ಕೃತಿ ಸಾಮಾನ್ಯವಾಗಿ ಬ್ರಿಟನ್ನಿನ ಹೊರಗೆ ಇರುವಂಥದ್ದಾಗಿರಬೇಕು, ಮಾಲೀಕ ಬ್ರಿಟನ್ ನಿವಾಸಿ ಆಗಿರಬಾರದು, ಸರ್ಕಾರ ಮಾನ್ಯ ಮಾಡಿದ ಮ್ಯೂಸಿಯಂನ ತಾತ್ಕಾಲಿಕ ಪ್ರದರ್ಶನಕ್ಕೆ ಬಂದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೃತಿ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ವಿವರವನ್ನು ಅದು ದೇಶದೊಳಗೆ ಬರುವ ಮೊದಲೇ ಮ್ಯೂಸಿಯಂ ಪ್ರಕಟಿಸಬೇಕು. ಕಾಯ್ದೆ ಜಾರಿಗೆ ಬಂದಾಗ ನಿಗದಿಯಾದ ರಕ್ಷಣೆ ಒಳಬಂದ ದಿನದಿಂದ 12 ತಿಂಗಳು. ಅಷ್ಟರಲ್ಲಿ ಕೃತಿಗೆ ಏನಾದರೂ ಹಾನಿಯಾಗಿ ದುರಸ್ತಿ ನಡೆಯುತ್ತಿದ್ದರೆ ಮಾತ್ರ ಅದು ಮುಂದುವರಿಯುತ್ತಿತ್ತು.

ಎಡವುವುದು ಸಾಮಾನ್ಯವಾಗಿ ಆ ಪ್ರಕಟಣೆಯಲ್ಲಿ. ಪಟ್ಟಿಯಲ್ಲಿ ದಾಖಲೆ ಸಂಖ್ಯೆ ತಪ್ಪಿದ್ದರೆ, ಕೊನೆ ಗಳಿಗೆಯಲ್ಲಿ ಒಂದು ಚಿತ್ರದ ಬದಲು ಇನ್ನೊಂದು ಬಂದರೆ, ಆ ಒಂದು ಚಿತ್ರ ರಕ್ಷಣೆಯ ಹೊರಗೆ ಉಳಿಯುತ್ತದೆ. ಹಾಗಾಗಿ ಬದಲಿ ಚಿತ್ರಗಳನ್ನೂ ಮೊದಲ ದಿನದಿಂದಲೇ ಪಟ್ಟಿಗೆ ಸೇರಿಸುವುದು ಜಾಣತನ.

ದಾವೆ_ದಸ್ತಾವೇಜು

ಒಂದು ಮಾತು ಸೇರಿಸುತ್ತೇನೆ. ಜಪ್ತಿಯಿಂದ ರಕ್ಷಣೆ ಬೇರೆ, ದಾವೆಯಿಂದ ರಕ್ಷಣೆ ಬೇರೆ. ಅಮೆರಿಕದಲ್ಲಿ ಇದು ಕಣ್ಣಿಗೆ ಹೊಡೆದ ಹಾಗೆ ಕಾಣಿಸಿತು. ಅಲ್ಲಿ 1965ರಿಂದಲೇ ಕಾನೂನಿದೆ. ಸೋವಿಯತ್ ಒಕ್ಕೂಟದಿಂದ ರಿಚ್‌ಮಂಡ್ ವಿಶ್ವವಿದ್ಯಾಲಯಕ್ಕೆ ಕೃತಿಗಳನ್ನು ತರಿಸುವ ಸಲುವಾಗಿಯೇ ಅದು ಹುಟ್ಟಿದ್ದು. ವಿದೇಶಾಂಗ ಇಲಾಖೆ ಆ ಕೃತಿಗೆ ಸಾಂಸ್ಕೃತಿಕ ಮಹತ್ವ ಇದೆ, ಪ್ರದರ್ಶನ ದೇಶದ ಹಿತಕ್ಕೆ ತಕ್ಕದ್ದು ಎಂದು ತೀರ್ಮಾನಿಸಿ ಸರ್ಕಾರಿ ಗೆಜೆಟ್ ಆದ ಫೆಡರಲ್ ರಿಜಿಸ್ಟರ್‌ನಲ್ಲಿ ಮುಂಚಿತವಾಗಿ ಪ್ರಕಟಿಸಬೇಕು.

ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡೆಲಿಕ್ ಮ್ಯೂಸಿಯಂ 2003ರಲ್ಲಿ 14 ಮಾಲೆವಿಚ್ ಕೃತಿಗಳನ್ನು ಈ ರಕ್ಷಣೆಯಲ್ಲೇ ನ್ಯೂಯಾರ್ಕ್ ಮತ್ತು ಹ್ಯೂಸ್ಟನ್‌ಗೆ ಕಳಿಸಿತು. ಚಿತ್ರಗಳು ಇನ್ನೂ ಅಮೆರಿಕದಲ್ಲಿದ್ದಾಗಲೇ ಮಾಲೆವಿಚ್ ವಾರಸುದಾರರು ಆಮ್‌ಸ್ಟರ್‌ಡ್ಯಾಮ್ ನಗರದ ಮೇಲೆ ದಾವೆ ಹಾಕಿದರು. ಚಿತ್ರ ಮುಟ್ಟಲಿಲ್ಲ, ಮಾಲೀಕತ್ವ ಪ್ರಶ್ನಿಸಿದರು. ಎರವಲು ಕೊಡುವುದನ್ನೂ ವ್ಯಾವಹಾರಿಕ ಚಟುವಟಿಕೆ ಎಂದು ನೋಡಬಹುದು, ಹಾಗಾದಾಗ ವಿದೇಶಿ ಸರ್ಕಾರಕ್ಕೆ ದಾವೆಯಿಂದ ಇರುವ ರಕ್ಷಣೆ ಸಿಗದು ಎಂದಿತು ಕೋರ್ಟು. ಚಿತ್ರಗಳು ಮನೆ ಸೇರಿದರೂ ಕೇಸು ನಡೆಯಿತು, 2008ರ ರಾಜಿಯಲ್ಲಿ 5 ಚಿತ್ರ ವಾರಸುದಾರರ ಪಾಲಾದವು. ಈ ಕಿಂಡಿ ಮುಚ್ಚಲು ಅಮೆರಿಕ 2016ರಲ್ಲಿ ಇನ್ನೊಂದು ಕಾನೂನು ತಂದಿತು; ನಾಜಿ ಕಾಲದ ಲೂಟಿಗೆ ಮತ್ತು ದುರ್ಬಲ ಗುಂಪುಗಳನ್ನು ಗುರಿಯಾಗಿಸಿ ವ್ಯವಸ್ಥಿತವಾಗಿ ಕಿತ್ತುಕೊಂಡ ಕೃತಿಗಳಿಗೆ ಸಂಬಂಧಿಸಿದ ದಾವೆಗಳನ್ನು ಹೊರಗಿಟ್ಟಿತು.

ಆದರೆ ಅಷ್ಟರಲ್ಲಿ ರಷ್ಯಾ-ಅಮೆರಿಕ ನಡುವಿನ ಎರವಲು ನಿಂತೇ ಹೋಗಿತ್ತು. ರಷ್ಯಾದಲ್ಲಿರುವ ಶ್ನೇರ್ಸನ್ ಗ್ರಂಥಭಂಡಾರ ತಮಗೆ ಸೇರಬೇಕೆಂದು ಯಹೂದಿ ಧಾರ್ಮಿಕ ಸಂಸ್ಥೆ ಖಬಾದ್ ಹೂಡಿದ ಕೇಸಿನಲ್ಲಿ ವಾಷಿಂಗ್ಟನ್ ಕೋರ್ಟು 2010ರಲ್ಲಿ ರಷ್ಯಾದ ವಿರುದ್ಧ ತೀರ್ಪು ಕೊಟ್ಟಿತು. ತೀರ್ಪು ಜಾರಿ ಮಾಡುವ ನೆಪದಲ್ಲಿ ಚಿತ್ರ ಹಿಡಿದಾರು ಎಂದು 2011ರಿಂದ ರಷ್ಯಾದ ಸರ್ಕಾರಿ ಮ್ಯೂಸಿಯಂಗಳು ಅಮೆರಿಕಕ್ಕೆ ಕಳಿಸುವುದನ್ನು ಬಿಟ್ಟವು.

ಪೆಟ್ಟಿಗೆ_ಪಟ್ಟಿ

ಕಾಗದದ ಕೆಲಸ ನೀವು ಹೇಳಿಯಾಯಿತು. ಇನ್ನು ಮರ, ಫೋಮ್ ವಿಷಯಕ್ಕೆ ಬರುತ್ತೇನೆ.

‘ನೃತ್ಯ’ದ ಅಳತೆ 260 × 391 ಸೆಂಟಿಮೀಟರ್. ಪೆಟ್ಟಿಗೆಯ ಗೋಡೆ, ಫೋಮ್, ಕೆಳಗಿನ ಅಡ್ಡಪಟ್ಟಿ ಎಲ್ಲ ಸೇರಿದರೆ ಎತ್ತರ 3 ಮೀಟರ್ ಮುಟ್ಟುತ್ತದೆ. ಪ್ರಯಾಣಿಕ ವಿಮಾನದ ಕೆಳಗಿನ ಸರಕು ಕೋಣೆಯಲ್ಲಿ ಎತ್ತರ ಸುಮಾರು 160 ಸೆಂ.ಮೀ. ಅಷ್ಟೇ. ಪೆಟ್ಟಿಗೆ ಸಮೇತ ನಿಲ್ಲಿಸಬೇಕಾದರೆ ಚಿತ್ರ 130 ಸೆಂ.ಮೀ. ಆಸುಪಾಸು ಇರಬೇಕು. ಅದಕ್ಕಿಂತ ದೊಡ್ಡದಕ್ಕೆ ಸರಕು ವಿಮಾನ ಬೇಕು ಇಲ್ಲವೇ ರಸ್ತೆಯಲ್ಲಿ ಟ್ರಕ್ಕು. ಟ್ರಕ್ಕಿನ ಒಳ ಎತ್ತರವೂ ಸಾಮಾನ್ಯವಾಗಿ 2.7ರಿಂದ 3 ಮೀಟರ್, ಅಂದರೆ ಪ್ರತಿ ಸೆಂಟಿಮೀಟರಿಗೂ ಲೆಕ್ಕ ಇಡಬೇಕು. ಕಾಂಡಿನ್‌ಸ್ಕಿಯ ‘ಕಾಂಪೊಸಿಷನ್ 7’ 200 × 300 ಸೆಂ.ಮೀ.; ಅದಕ್ಕೂ ಇದೇ ತಲೆನೋವು. ಮೊದಲು ಅಳೆಯಬೇಕಾದದ್ದು ಮ್ಯೂಸಿಯಂನ ಬಾಗಿಲು, ಲಿಫ್ಟು, ಮೆಟ್ಟಿಲ ತಿರುವು. ಗೋಡೆಯಲ್ಲಿ ಜಾಗ ಇದ್ದು ಬಾಗಿಲಲ್ಲಿ ಜಾಗ ಇಲ್ಲದಿದ್ದರೆ ಪ್ರದರ್ಶನ ಅಲ್ಲೇ ನಿಂತಿತು.

ಪೆಟ್ಟಿಗೆಯ ಹೊರಗೋಡೆ 12ರಿಂದ 18 ಮಿ.ಮೀ. ಪ್ಲೈವುಡ್, ಹೊರಮೈಗೆ ಪೇಂಟು. ಮುಚ್ಚಳಕ್ಕೆ ಮೊಳೆ ಹೊಡೆಯುವಂತಿಲ್ಲ, ಬೋಲ್ಟು. ಸುತ್ತಿಗೆಯ ಒಂದೊಂದು ಏಟೂ ಬಣ್ಣದ ಪದರಕ್ಕೆ ತಟ್ಟುತ್ತದೆ. ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ ಹಾಕಿ ಗಾಳಿ ಆಡದಂತೆ ಬಿಗಿ ಮಾಡುತ್ತಾರೆ. ಚಿತ್ರ ಒಳಗೆ ನಿಂತೇ ಇರಬೇಕು, ಟ್ರಕ್ಕಿನಲ್ಲಿ ಅದರ ಮುಖ ಪಕ್ಕದ ಗೋಡೆ ಕಡೆಗಿರಬೇಕು, ಚಾಲಕನ ಕಡೆಗಲ್ಲ. ಬ್ರೇಕು ಹಾಕಿದಾಗ ಕ್ಯಾನ್ವಾಸು ಹಿಂದೆ ಮುಂದೆ ಹೊಯ್ದಾಡಬಾರದು ಎಂಬುದಕ್ಕೆ ಹೀಗೆ.

ಹೆಚ್ಚು ಫೋಮ್ ಹಾಕಿದಷ್ಟೂ ಕ್ಷೇಮ ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. ಫೋಮ್ ಒತ್ತಿದರೆ ತಗ್ಗಿ ಮತ್ತೆ ಮೇಲೇಳಬೇಕು, ಆಗಲೇ ಏಟು ಹೀರುವುದು. ಹಗುರ ಚಿತ್ರದ ಕೆಳಗೆ ಉದ್ದಕ್ಕೂ ಗಟ್ಟಿ ಫೋಮ್ ಇಟ್ಟರೆ ಅದು ತಗ್ಗುವುದೇ ಇಲ್ಲ, ಹಲಗೆಯ ಮೇಲೆ ಇಟ್ಟಂತೆಯೇ ಆಯಿತು. ಭಾರದ ಚಿತ್ರಕ್ಕೆ ಮೆದುವಾದದ್ದು ಹಾಕಿದರೆ ಪೂರ್ತಿ ಕುಸಿದು ತಳ ಮುಟ್ಟುತ್ತದೆ. ಹಾಗಾಗಿ ತೂಕ ನೋಡಿ, ಫೋಮ್‌ನ ಸಾಂದ್ರತೆ ನೋಡಿ, ಎಷ್ಟು ಚದರ ಸೆಂಟಿಮೀಟರ್ ತಾಗಬೇಕೆಂದು ಲೆಕ್ಕ ಹಾಕಿ ಮೂಲೆಗಳಿಗೆ ತುಂಡು ತುಂಡಾಗಿ ಇಡುತ್ತಾರೆ.

ಕ್ಯಾನ್ವಾಸಿಗೆ ಏಟಿಗಿಂತ ನಡುಕ ದೊಡ್ಡ ಶತ್ರು. ದೊಡ್ಡ ಬಟ್ಟೆ ನಿಧಾನ ಲಯದಲ್ಲಿ ಅದುರುತ್ತದೆ, ಟ್ರಕ್ಕಿನ ಅದುರುವಿಕೆಯೂ ಹೆಚ್ಚು ಕಡಿಮೆ ಅದೇ ಲಯದ್ದು. ಎರಡೂ ಕೂಡಿದರೆ ನಡುಭಾಗ ಉಬ್ಬಿ ತಗ್ಗಿ ಬಿರುಕುಗಳ ಅಂಚು ಏಳುತ್ತದೆ. ಚೌಕಟ್ಟಿನ ಹಿಂದೆ ಗಟ್ಟಿ ಹಲಗೆ ಕೂರಿಸಿದರೆ ಒಳಗಿನ ಗಾಳಿಯೇ ಬಟ್ಟೆಯನ್ನು ಹಿಡಿಯುತ್ತದೆ. ಖರ್ಚಿಲ್ಲದ ಕೆಲಸ, ಫಲ ದೊಡ್ಡದು.

ಗಾಜು_ಚೌಕಟ್ಟು

ಗಾಜಿನ ಬಗ್ಗೆಯೂ ಹೇಳಿ ಮೇಡಂ, ಅಲ್ಲಿ ತಪ್ಪು ಜಾಸ್ತಿ. ಮಾಮೂಲಿ ಗಾಜಾದರೆ ಸಾಗಿಸುವ ಮುನ್ನ ಸುಲಭವಾಗಿ ಏಳುವ ಟೇಪನ್ನು ಅಡ್ಡಡ್ಡ ಅಂಟಿಸಬೇಕು, ಒಡೆದರೂ ಚೂರು ಚಿತ್ರದ ಮೇಲೆ ಬೀಳದಂತೆ. ಅಕ್ರಿಲಿಕ್ ಹಾಳೆಯಾದರೆ ಟೇಪು ಹಾಕಲೇಬಾರದು. ಒಡೆಯುವುದಿಲ್ಲ, ಗೀರು ಮತ್ತು ಅಂಟು ಮಾತ್ರ ಉಳಿಯುತ್ತದೆ. ಪಾಸ್ಟೆಲ್, ಇದ್ದಿಲಿನ ಚಿತ್ರಗಳಿಗೆ ಸಾದಾ ಅಕ್ರಿಲಿಕ್ ಬೇಡ. ಅದರ ಸ್ಥಾಯಿ ವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ.

ಪೆಟ್ಟಿಗೆ_ಪಟ್ಟಿ

ಸರಿಯಾಗಿ ಹೇಳಿದಿರಿ ಸರ್. ತಲುಪಿದ ಮೇಲೂ ಒಂದು ತಾಳ್ಮೆಯ ಕೆಲಸ ಇದೆ: ಪೆಟ್ಟಿಗೆಯನ್ನು ಪ್ರದರ್ಶನದ ಕೋಣೆಯಲ್ಲೇ, ಮುಚ್ಚಿದ ಹಾಗೇ, ಕನಿಷ್ಠ 24 ಗಂಟೆ ಬಿಡಬೇಕು. ಚಳಿಯಿಂದ ಬಂದ ಪೆಟ್ಟಿಗೆ ತಕ್ಷಣ ತೆರೆದರೆ ತಣ್ಣಗಿರುವ ಬಣ್ಣದ ಮೇಲೆ ಕೋಣೆಯ ಆವಿ ಹನಿಗಟ್ಟುತ್ತದೆ. ಉದ್ಘಾಟನೆ ಹತ್ತಿರ ಬಂತೆಂದು ಈ 24 ಗಂಟೆಯನ್ನು ಕತ್ತರಿಸಲು ಹೋಗುವವರಿದ್ದಾರೆ. ಚಿತ್ರದ ಜತೆ ಬಂದ ಮ್ಯೂಸಿಯಂ ಪ್ರತಿನಿಧಿ ಒಪ್ಪಬಾರದು, ಒಪ್ಪುವುದೂ ಇಲ್ಲ. ಅವರೆದುರೇ ಸೀಲು ಒಡೆಯಬೇಕು, ಅವರೆದುರೇ ಸ್ಥಿತಿ ವರದಿ ಬರೆಯಬೇಕು.

ಸ್ಥಿತಿ ವರದಿ ನಾಲ್ಕು ಸಲ ಆಗುತ್ತದೆ: ಕಟ್ಟುವ ಮುನ್ನ, ಅಲ್ಲಿ ಬಿಚ್ಚಿದಾಗ, ಅಲ್ಲಿಂದ ಮತ್ತೆ ಕಟ್ಟುವ ಮುನ್ನ, ಮನೆಗೆ ಬಂದು ಬಿಚ್ಚಿದಾಗ. ಎದುರಿನ ಬೆಳಕಿನಲ್ಲಿ ಒಂದು ಫೋಟೊ, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಇನ್ನೊಂದು. ಎದ್ದ ಪದರ, ಉಬ್ಬು ಎಲ್ಲ ಓರೆ ಬೆಳಕಿನಲ್ಲೇ ಸಿಕ್ಕಿಬೀಳುವುದು. ಮಾಲೆವಿಚ್‌ನ ‘ಕಪ್ಪು ಚೌಕ’ದಂಥ ಬಿರುಕುಗಳ ಜಾಲವೇ ಇರುವ ಚಿತ್ರಕ್ಕೆ ಇದು ಇನ್ನೂ ಕಷ್ಟ, ಹಳೆಯ ಬಿರುಕಾವುದು ಹೊಸದಾವುದು ಎಂದು ಹೇಳಲು ಮೊದಲಿನ ಫೋಟೊ ಅಷ್ಟು ಸ್ಪಷ್ಟ ಇರಬೇಕು.

ಹಲಗೆ_ಬಣ್ಣ

ಕ್ಯಾನ್ವಾಸ್ ಹೇಗೋ ಸಾಗಿಸಬಹುದು. ಹಳೆಯ ರಷ್ಯನ್ ಐಕಾನ್‌ಗಳ, ಅಂದರೆ ಹಲಗೆಯ ಮೇಲೆ ಬರೆದ ಕ್ರೈಸ್ತ ಪೂಜಾಚಿತ್ರಗಳ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ: ಅತಿ ಹಳೆಯವನ್ನು ಹೊರದೇಶಕ್ಕೆ ಕಳಿಸಬಾರದು, ಕಾನೂನಿನ ರಕ್ಷಣೆ ಎಷ್ಟೇ ಗಟ್ಟಿ ಇರಲಿ.

ಐಕಾನ್ ಎಂದರೆ ಲಿಂಡನ್ ಅಥವಾ ಪೈನ್ ಹಲಗೆ. ಮೇಲೆ ‘ಪಾವೊಲೊಕಾ’ ಎಂಬ ಬಟ್ಟೆ, ಅದರ ಮೇಲೆ ‘ಲೆವ್ಕಾಸ್’ ಎಂಬ ಸುಣ್ಣಪುಡಿ-ಸರೇಸಿನ ಬಿಳಿ ಪದರ, ಅದರ ಮೇಲೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ, ಕೊನೆಗೆ ‘ಒಲಿಫಾ’ ಎಂಬ ಕಾಯಿಸಿದ ಎಣ್ಣೆ. ಹಲಗೆ ತೇವ ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ, ಅದೂ ನಾರಿಗೆ ಅಡ್ಡವಾಗಿ. ಲೆವ್ಕಾಸ್ ಹಾಗೆ ಹಿಗ್ಗಿ ಕುಗ್ಗುವುದಿಲ್ಲ. ಹಲಗೆ ಬಾಗದಿರಲೆಂದು ಹಿಂಬದಿಯಲ್ಲಿ ‘ಶ್ಪೊಂಕಾ’ ಎಂಬ ಅಡ್ಡಪಟ್ಟಿಯನ್ನು ಹಲಗೆಯಲ್ಲಿ ಕೊರೆದ ತೋಡಿನೊಳಗೆ ಜಾರುವಂತೆ ಕೂರಿಸಿರುತ್ತಾರೆ. ನೂರಾರು ವರ್ಷದ ಕೊಳೆ, ಅಂಟು ಸೇರಿ, ಮಳೆಗಾಲದಲ್ಲಿ ಬಾಗಿಲು ಹಿಡಿದುಕೊಂಡ ಹಾಗೆ, ಆ ಪಟ್ಟಿ ಬಿಗಿದುಕೊಳ್ಳುತ್ತದೆ. ಆಮೇಲೆ ಹಲಗೆ ಕುಗ್ಗಲು ಜಾಗವಿಲ್ಲ. ಒಂದೋ ಹಲಗೆ ಸೀಳುತ್ತದೆ, ಇಲ್ಲವೇ ಲೆವ್ಕಾಸ್ ಬಣ್ಣದ ಸಮೇತ ಚಕ್ಕೆಯೇಳುತ್ತದೆ.

ಚಳಿಗಾಲದ ಲೆಕ್ಕ ನೋಡಿ. ಹೊರಗೆ ಮೈನಸ್ 10 ಡಿಗ್ರಿ ಇದ್ದರೆ ಒಂದು ಘನ ಮೀಟರ್ ಗಾಳಿ ಹಿಡಿಯುವ ನೀರಾವಿ ಸುಮಾರು 2.3 ಗ್ರಾಂ. ಅದೇ ಗಾಳಿಯನ್ನು ಒಳಗೆಳೆದು 20 ಡಿಗ್ರಿಗೆ ಕಾಯಿಸಿದರೆ ಅದು 17 ಗ್ರಾಂ ಹಿಡಿಯಬಲ್ಲದು. ಇರುವುದು 2.3 ಮಾತ್ರ. ಅಂದರೆ ಸಾಪೇಕ್ಷ ಆರ್ದ್ರತೆ 14%ರ ಹತ್ತಿರಕ್ಕೆ ಇಳಿಯಿತು. ಐಕಾನಿಗೆ ಬೇಕಾದದ್ದು 50%ರ ಆಸುಪಾಸು, ಅದೂ ಏರಿಳಿತವಿಲ್ಲದೆ. ಆರ್ದ್ರಕ ಯಂತ್ರ ಒಂದು ರಾತ್ರಿ ಕೈಕೊಟ್ಟರೆ ಸಾಕು.

ಆರ್ದ್ರತೆ_50

ನಿಮ್ಮ ಕಾಳಜಿ ಒಪ್ಪುತ್ತೇನೆ, ‘ಬಾರದು’ ಎಂಬ ತೀರ್ಮಾನ ಒಪ್ಪುವುದಿಲ್ಲ. ಹವಾಮಾನ ನಿಯಂತ್ರಿತ ಗಾಜಿನ ಪೆಟ್ಟಿಗೆಯೊಳಗೆ ಮೊದಲೇ 50%ಕ್ಕೆ ಹದ ಮಾಡಿದ ಸಿಲಿಕಾ ಜೆಲ್ ಇಟ್ಟು ಮುಚ್ಚಿದರೆ, ಕೋಣೆಯಲ್ಲಿ ಒಂದು ರಾತ್ರಿ ಏನಾದರೂ ಒಳಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಪ್ರಯಾಣದಲ್ಲೂ ಅದೇ ಪೆಟ್ಟಿಗೆಯಲ್ಲಿ ಕಳಿಸುವ ಪದ್ಧತಿ ಇದೆ.

ಇನ್ನೊಂದು ವಿಷಯ. ದೊಡ್ಡ ಮ್ಯೂಸಿಯಂಗಳ ಬಿಜೋ ಗುಂಪು ವಿದ್ಯುತ್ ಉಳಿಸಲು ಅಳತೆಯನ್ನು ಸಡಿಲಿಸಿದೆ: ಆರ್ದ್ರತೆ 40ರಿಂದ 60%, ಉಷ್ಣತೆ 16ರಿಂದ 25 ಡಿಗ್ರಿ, ದಿನಕ್ಕೆ ಏರಿಳಿತ 10%ಕ್ಕೆ ಮೀರಬಾರದು. ಬಹುತೇಕ ಕ್ಯಾನ್ವಾಸಿಗೆ ಇದು ಸಾಕು. ಬಣ್ಣ ಬಳಿದ ಹಲಗೆಗೆ ಸಾಲದು. ಅದಕ್ಕೆ ಒಪ್ಪಂದದಲ್ಲಿ ಬೇರೆ ಕಲಂ ಬರೆಸಬೇಕು. ಬೆಳಕು ಎಣ್ಣೆ ಬಣ್ಣಕ್ಕೆ 150ರಿಂದ 200 ಲಕ್ಸ್, ಕಾಗದದ ಕೃತಿಗೆ 50 ಲಕ್ಸ್. ಕವಿ ಮಾಯಾಕೋವ್‌ಸ್ಕಿ ಕಾಲದ (1920ರ ಆಸುಪಾಸಿನ) ಪೋಸ್ಟರ್‌ಗಳು ಕಳಪೆ ಕಾಗದದವು, ಅವನ್ನು 3-4 ತಿಂಗಳಿಗಿಂತ ಹೆಚ್ಚು ಗೋಡೆಯಲ್ಲಿ ಬಿಡದಿರುವುದು ಒಳ್ಳೆಯದು.

ಹಲಗೆ_ಬಣ್ಣ

ಗಾಜಿನ ಪೆಟ್ಟಿಗೆ ತೇವ ಕಾಯುತ್ತದೆ, ನಡುಕ ಕಾಯುವುದಿಲ್ಲ. ಲೆವ್ಕಾಸ್ ಒಳಗಿಂದ ಟೊಳ್ಳಾಗಿರುವ ಹಲಗೆಗೆ ರನ್‌ವೇ ಮೇಲಿನ ಒಂದು ಓಟವೇ ಸಾಕು. ಆಗ ಟ್ರೆಟ್ಯಾಕೋವ್‌ನಲ್ಲಿದ್ದ, ಹಳೆಯ ಕಾಲದ ರುಬ್ಲೆವ್ ಬರೆದ ‘ಟ್ರಿನಿಟಿ’ ಐಕಾನ್ 2022ರಲ್ಲಿ ರಷ್ಯಾದ ಒಳಗೇ, ಮಠಕ್ಕೆ ಸ್ವಲ್ಪ ದಿನ ಹೋಗಿ ಬಂದದ್ದಕ್ಕೆ ತಜ್ಞರು ಎಷ್ಟೊಂದು ಬದಲಾವಣೆ ಗುರುತಿಸಿದರು ನೋಡಿ. ನನ್ನ ಮಾತು ಅಂಥವುಗಳ ಬಗ್ಗೆ. 18-19ನೇ ಶತಮಾನದ ಗಟ್ಟಿಮುಟ್ಟಾದವು ಹೋಗಲಿ.

ಗಡಿ_ದಾಖಲೆ

2022ರ ಕಥೆ ಯಾರೂ ಎತ್ತಲಿಲ್ಲ. ಕಾನೂನು, ಪೆಟ್ಟಿಗೆ ಎರಡೂ ಸರಿ ಇದ್ದು ರಸ್ತೆ ಮಧ್ಯೆ ನಿಯಮವೇ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಉದಾಹರಣೆ ಬೇಡ.

ಪ್ಯಾರಿಸ್ಸಿನ ಲೂಯಿ ವಿಟಾನ್ ಪ್ರತಿಷ್ಠಾನದಲ್ಲಿ 2016-17ರಲ್ಲಿ ಶ್ಚುಕಿನ್ ಸಂಗ್ರಹ, 2021ರ ಸೆಪ್ಟೆಂಬರಿನಿಂದ ಮೊರೊಜೊವ್ ಸಂಗ್ರಹ ತೋರಿಸಿದರು. ಒಂದೊಂದಕ್ಕೂ 12 ಲಕ್ಷಕ್ಕಿಂತ ಹೆಚ್ಚು ಜನ ಬಂದರು. ಎರಡನೆಯದು ನಡೆಯುತ್ತಿರುವಾಗಲೇ ಉಕ್ರೇನ್ ಮೇಲೆ ಯುದ್ಧ ಶುರುವಾಯಿತು. ಏಪ್ರಿಲ್ 3ಕ್ಕೆ ಪ್ರದರ್ಶನ ಮುಗಿದಾಗ ವಿಮಾನ ಮಾರ್ಗ ಮುಚ್ಚಿತ್ತು. ಚಿತ್ರಗಳು ಹಿಂತಿರುಗಿದವು, ಆದರೆ ಎರಡು ಫ್ರಾನ್ಸಿನಲ್ಲೇ ಉಳಿದವು: ಒಂದು, ಆಸ್ತಿ ತಡೆಗೆ ಒಳಗಾದ ರಷ್ಯನ್ ಉದ್ಯಮಿಯದು, ಇನ್ನೊಂದು ಉಕ್ರೇನಿನ ದ್ನಿಪ್ರೊ ಮ್ಯೂಸಿಯಂಗೆ ಸೇರಿದ್ದು. ದ್ನಿಪ್ರೊಗೆ ಆಗ ಕಳಿಸುವುದು ಅಪಾಯವಾದ್ದರಿಂದ ಉಕ್ರೇನೇ ಇಟ್ಟುಕೊಳ್ಳಲು ಕೇಳಿಕೊಂಡಿತ್ತು. ಅದು ಸೆರೊವ್ ಬರೆದ ಮಾರ್ಗರಿಟಾ ಮೊರೊಜೊವಾ ಅವರ ಭಾವಚಿತ್ರ.

ಅದೇ ವಾರ ಫಿನ್‌ಲೆಂಡಿನ ವಾಲಿಮಾ ಗಡಿಯಲ್ಲಿ ಕಸ್ಟಮ್ಸ್‌ನವರು ಇಟಲಿ ಮತ್ತು ಜಪಾನಿನಿಂದ ರಷ್ಯಾಕ್ಕೆ ಮರಳುತ್ತಿದ್ದ ಮೂರು ಸರಕು ಹಿಡಿದರು. ವಿಮಾ ಮೌಲ್ಯ 4.2 ಕೋಟಿ ಯೂರೊ. ಐರೋಪ್ಯ ಒಕ್ಕೂಟದ ನಿರ್ಬಂಧಗಳಲ್ಲಿ ಐಷಾರಾಮಿ ವಸ್ತುಗಳ ಪಟ್ಟಿ ಇತ್ತು, ಕಲಾಕೃತಿ ಅದರೊಳಗೆ ಬರುತ್ತಿತ್ತು; ಎರವಲು ಮುಗಿಸಿ ಮನೆಗೆ ಹೋಗುವ ಕೃತಿಗೆ ವಿನಾಯಿತಿ ಬರೆದಿರಲಿಲ್ಲ. ಏಪ್ರಿಲ್ 8ರಂದು ಒಕ್ಕೂಟ ಆ ವಿನಾಯಿತಿ ಸೇರಿಸಿತು, ಸರಕು ಬಿಡುಗಡೆಯಾಯಿತು.

ಇದರಿಂದ ಎರವಲು ಒಪ್ಪಂದ ಬರೆಯುವವರು ಕಲಿತ ಪಾಠ ಮೂರು ಕಲಂನಷ್ಟು ಇದೆ. ವಾಪಸಿನ ದಾರಿ ಮುಚ್ಚಿದರೆ ಕೃತಿ ಎಲ್ಲಿರಬೇಕು, ಅಷ್ಟು ದಿನದ ವಿಮೆ ಯಾರು ಕಟ್ಟಬೇಕು, ಜಪ್ತಿ ರಕ್ಷಣೆಯ ಅವಧಿ ಮುಗಿಯುವಷ್ಟರಲ್ಲಿ ಅದನ್ನು ಯಾರು ವಿಸ್ತರಿಸಿಕೊಡಬೇಕು. ‘ಮೊಳೆಯಿಂದ ಮೊಳೆಗೆ’ ವಿಮೆ ಎಂದರೆ ಮೂಲ ಗೋಡೆಯಿಂದ ಇಳಿಸಿದ ಕ್ಷಣದಿಂದ ಮತ್ತೆ ಅಲ್ಲಿ ಏರಿಸುವವರೆಗೆ. ಆದರೆ ಯುದ್ಧ ಮತ್ತು ಸರ್ಕಾರಿ ಜಪ್ತಿಯನ್ನು ಎಷ್ಟೋ ವಿಮೆಗಳು ಹೊರಗಿಡುತ್ತವೆ. ಸಹಿ ಹಾಕುವ ಮೊದಲು ಆ ಪುಟ ಓದಬೇಕು.

ಕುಂಚ_ಕ್ಯಾನ್ವಾಸ್

ಹರ್ಮಿಟೇಜ್‌ನ ಶಾಖೆಯಾಗಿದ್ದ ಹರ್ಮಿಟೇಜ್ ಆಮ್‌ಸ್ಟರ್‌ಡ್ಯಾಮ್ ಏನಾಯಿತು?

ಗಡಿ_ದಾಖಲೆ

2009ರಲ್ಲಿ ತೆರೆದದ್ದು. 2022ರ ಮಾರ್ಚಿನಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಜತೆ ನಂಟು ಕಡಿದುಕೊಂಡಿತು, ಆಗ ನಡೆಯುತ್ತಿದ್ದ ರಷ್ಯನ್ ಅವಾಂಗಾರ್ಡ್ (ಹೊಸ ಪ್ರಯೋಗದ ಕಲೆ) ಪ್ರದರ್ಶನ ಮುಚ್ಚಿತು. 2023ರಿಂದ ಹೆಸರು ಹಾರ್ಟ್ ಮ್ಯೂಸಿಯಂ.

ಫಲಕ_ಓದುಗ

ಪ್ರದರ್ಶನ ನೋಡಲು ಹೋಗುವವರಿಗೆ ಒಂದು ಸೂಚನೆ. ಚಿತ್ರದ ಪಕ್ಕದ ಫಲಕವನ್ನು ಕೊನೆ ಸಾಲಿನವರೆಗೆ ಓದಿ: ದಾಖಲೆ ಸಂಖ್ಯೆ, ಕೊಟ್ಟ ಸಂಸ್ಥೆ, ಯಾವ ವರ್ಷ ಯಾರಿಂದ ಬಂತು. ಮಾಲೆವಿಚ್ ಹುಟ್ಟಿದ್ದು ಕೀವ್‌ನಲ್ಲಿ, ರೆಪಿನ್ ಹುಟ್ಟಿದ್ದು ಇಂದಿನ ಉಕ್ರೇನಿನ ಚುಹುಯಿವ್‌ನಲ್ಲಿ. 2022ರ ನಂತರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿ ಹಲವು ಕಡೆ ಇಂಥ ಫಲಕಗಳು ತಿದ್ದುಪಡಿಯಾಗಿವೆ. ಎಲ್ಲವನ್ನೂ ‘ರಷ್ಯನ್ ಕಲೆ’ ಎಂಬ ಒಂದೇ ಚೀಲಕ್ಕೆ ತುಂಬಿದ ಹಳೆಯ ಕ್ಯಾಟಲಾಗುಗಳನ್ನು ಎಚ್ಚರದಿಂದ ಓದಬೇಕು. ನನ್ನ ಮಟ್ಟಿಗೆ ಇದು ಬೇಕಿದ್ದ ತಿದ್ದುಪಡಿ.

ತಟಗುಣಿ_ದಾರಿ

ಬೆಂಗಳೂರಿನವರಿಗೆ ಹತ್ತಿರದ ಪ್ರಶ್ನೆ: ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಚಿತ್ರಗಳಿವೆ. ನಿಕೊಲಾಯ್ ರೋರಿಕ್ ರಷ್ಯಾದವರು, ಮಗ ಸ್ವೆತೊಸ್ಲಾವ್ ಮತ್ತು ದೇವಿಕಾ ರಾಣಿ ತಟಗುಣಿ ಎಸ್ಟೇಟಿನಲ್ಲಿ ಇದ್ದವರು. ಆ ಚಿತ್ರಗಳನ್ನು ಹೊರದೇಶದ ಪ್ರದರ್ಶನಕ್ಕೆ ಕಳಿಸಬೇಕೆಂದರೆ ಏನು ಮಾಡಬೇಕು?

ಕಾನೂನು_ಕಪಾಟು

ತಂದೆ ಮತ್ತು ಮಗನ ಚಿತ್ರಗಳಿಗೆ ನಿಯಮ ಬೇರೆ ಬೇರೆ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯಡಿ ಒಂಬತ್ತು ಕಲಾವಿದರ ಕೃತಿಗಳನ್ನು ಕಲಾ ನಿಧಿ ಎಂದು ಘೋಷಿಸಿದ್ದಾರೆ. ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್ ಜತೆ ನಿಕೊಲಾಯ್ ರೋರಿಕ್ ಹೆಸರೂ ಇದೆ. ಕಲಾ ನಿಧಿಯನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಪ್ರದರ್ಶನಕ್ಕೆ ಕಳಿಸುವುದಾದರೂ ಕೇಂದ್ರ ಸರ್ಕಾರದ ಅನುಮತಿ, ತಾತ್ಕಾಲಿಕ ರಫ್ತು ಪರವಾನಗಿ ಬೇಕು. ಸ್ವೆತೊಸ್ಲಾವ್ ಆ ಪಟ್ಟಿಯಲ್ಲಿಲ್ಲ.

ಹಲಗೆ_ಬಣ್ಣ

ಕಳಿಸುವುದೇ ಆದರೆ ನಿಕೊಲಾಯ್ ಚಿತ್ರಗಳಿಗೆ ಮುಖಗಾಜು ಕಡ್ಡಾಯ ಎಂದು ಬರೆಸಿ. ಅವರು ಹೆಚ್ಚಾಗಿ ಟೆಂಪೆರಾ (ಮೊಟ್ಟೆ ಅಥವಾ ಅಂಟಿನಲ್ಲಿ ಕಲಸಿದ ಬಣ್ಣ) ಬಳಸಿದವರು, ಮೇಲೆ ವಾರ್ನಿಷ್ ಇಲ್ಲದ ಮಂಕು ಮೈ. ಅದರ ಮೇಲೆ ಬೆರಳು ತಾಗಿದರೂ ಹೊಳಪಿನ ಗುರುತು ಉಳಿಯುತ್ತದೆ, ಧೂಳು ಕೂತರೆ ಒರೆಸಲು ಬರುವುದಿಲ್ಲ, ಒಂದು ಹನಿ ನೀರು ಬಿದ್ದರೆ ಕಲೆಯಾಗುತ್ತದೆ. ಎತ್ತುವವರು ನೈಟ್ರೈಲ್ ಕೈಗವಸು ಹಾಕಿ ಚೌಕಟ್ಟನ್ನು ಮಾತ್ರ ಹಿಡಿಯಬೇಕು. ಚೌಕಟ್ಟಿಲ್ಲದ್ದಾದರೆ ಮೊದಲು ಪ್ರಯಾಣದ ಚೌಕಟ್ಟು ಕಟ್ಟಿಸಬೇಕು, ಮುಂಭಾಗಕ್ಕೆ ಯಾವ ಕಾಗದವೂ ಪ್ಲಾಸ್ಟಿಕ್ಕೂ ತಾಗದ ಹಾಗೆ. ಮಳೆಗಾಲದ ಬೆಂಗಳೂರಿಂದ ಯುರೋಪಿನ ಚಳಿಗಾಲಕ್ಕೆ ಹೋಗುವ ದಿನಾಂಕ ಮಾತ್ರ ಒಪ್ಪಿಕೊಳ್ಳಬೇಡಿ. ಫೆಬ್ರವರಿ-ಮಾರ್ಚಿನಲ್ಲಿ ಕಟ್ಟಿ, ಅಲ್ಲಿ ಬೇಸಿಗೆ ಪ್ರದರ್ಶನಕ್ಕೆ ಇಳಿಸುವಂತೆ ಕೇಳಿ.